ಚಿಕ್ಕೀರ ಮೇಲ್‌ಗೆ ಉತ್ತರ ಬರೆದದ್ದು

ಹಳೇಬಾವಿ ಅಂತ ಒಂದು ಊರು. ಊರಲ್ಲಿ ಚೆಲುವಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ ಚಿಕ್ಕೀರ. ಅಪ್ಪ ಇಲ್ಲ, ಅಣ್ಣ ತಮ್ಮ ಇಲ್ಲ, ಅಕ್ಕ ತಂಗಿ ಇಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋ ಮಗ ಹುಟ್ಟಿದರೆ ಯಾವ ತಾಯಿಗೆ ಸಂತೋಷ ಆಗಲ್ಲ ಹೇಳಿ? ಚೆಲುವಮ್ಮನಿಗೆ ಆಗಲಿಲ್ಲ! ಯಾಕಂದ್ರೆ ಚಿಕ್ಕೀರ ಹೇಳಿದ್ದನ್ನ ಹೇಳಿದಂಗೇ ಮಾಡೋನು.

"ಬಾಗಿಲು ನೋಡ್ಕೊಳ್ಲಾ" ಅಂತ ಹೇಳಿ ಅವಳು ನೀರಿಗೆ ಹೋದರೆ, ಬರೋ ತನಕ ಬಾಗಿಲನ್ನೇ ನೋಡ್ತಾ ನಿಂತಿರೋನು. ಹಿತ್ತಲ ಕಡೆಯಿಂದ ಮೇಕೆ ನುಗ್ಗಿ, ಒಣಹಾಕಿದ್ದ ಹಪ್ಪಳ ಪೂರ್ತಿ ಮೇದು, ಬಾಯಿ ಚಪ್ಪರಿಸಿಕೊಂಡು ಹೋಗಿರೋದು. "ಹಾಲು ಉಕ್ಕಿದಾಗ ಹೇಳ್ಲಾ" ಅಂದರೆ, ಉಕ್ಕಿ, ಹರಿದು, ಒಲೆ ಆರಿದ ಮೇಲೆ "ಅವ್ವಾ, ಉಕ್ತು!" ಅನ್ನೋನು.

ಮೊದಮೊದಲು ಊರೋರು ನಗೋದಕ್ಕಾದರೂ ಅವನನ್ನ ಮಾತಾಡಿಸೋರು. "ಚಿಕ್ಕೀರ, ಬಾವಿ ಹತ್ರ ಹೋಗಿ ನೀರು ಎಷ್ಟಿದೆ ಅಂತ ಕೇಳ್ಕೊಂಡು ಬಾರೋ" ಅನ್ನೋರು. ಇವನು ಹೋಗಿ ಬಾವೀನೇ ಕೇಳೋನು. ಅವರು ನಗೋರು. ಇವನೂ ನಗೋನು. ಅವನಿಗೆ ವಯಸ್ಸು ಮೂವತ್ತು ದಾಟಿತು ನೋಡಿ, ಆ ನಗುವೂ ಹಳಸಿತು. ಕಂಡರೂ ಕಾಣದಂಗೆ ಜನ ದಾಟಿಕೊಂಡು ಹೋಗೋರು. ಮನೆ ಮಾಡಿನ ಮೇಲೆ ಹಣ್ಣಿನ ಪೆಟ್ಟಿಗೆಗಳ ಗೂಡು ಕಟ್ಟಿ ಪಾರಿವಾಳ ಸಾಕಿದ್ದ. ಅವು ಗುಟುರ್ ಅಂದರೆ ಇವನೂ ಗುಟುರ್ ಅನ್ನೋನು. ಅವನ ಮಾತುಕತೆ ಅಷ್ಟೇ.

ಚೆಲುವಮ್ಮ ಒಂದಿನ ಅವನ ತಟ್ಟೆಗೆ ಮುದ್ದೆ ಹಾಕ್ತಾ ಕಣ್ಣೀರು ತಂದುಕೊಂಡಳು. "ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ 'ಉಂಡ್ಯಾ' ಅಂತ ಕೇಳೋರು ಯಾರ್ಲಾ ಮಗ?"

"ಯಾಕವ್ವ? ನೀನು ದಿನಾ ಕಣ್ಣು ಮುಚ್ಚಿ ಮತ್ತೆ ಬೆಳಿಗ್ಗೆ ತೆಗೀತೀಯಲ್ಲ!"

ಅವಳು ಇನ್ನೊಂದು ಮುದ್ದೆ ಹಾಕಿದಳು. ಇನ್ನೇನು ಮಾಡ್ತಾಳೆ?

ಅದೇ ಬೀದಿಯಲ್ಲಿ ಜಯಶೀಲಾ ಅಂತ ಒಬ್ಬಳು ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಈಗಿನ ಹಾಗೆ ಕೈಗೊಂದು ಫೋನು, ಫೋನಿಗೊಂದು ವಾಟ್ಸಾಪು ಇರದ ಕಾಲ ಅದು. ಬೇಕಾದೋರು ಅಲ್ಲಿ ಹೋಗಿ ಕೂತು ಮೇಲ್ ನೋಡೋರು. ಚೆಲುವಮ್ಮ ಅವಳ ಹತ್ರ ತನ್ನ ಸಂಕಟ ತೋಡಿಕೊಂಡಳು.

"ಅತ್ತೆ, ಪಾರಿವಾಳ ಸಾಕೋರದ್ದೇ ಒಂದು ಮೇಲ್ ಬಳಗ ಇದೆ" ಅಂದಳು ಜಯಶೀಲಾ. "ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತೆ. ಯಾರು ಬೇಕಾದರೂ ಉತ್ತರ ಬರೀಬಹುದು. ಚಿಕ್ಕೀರಣ್ಣನ್ನ ಕಳಿಸಿ, ನಾನು ಕಲಿಸಿಕೊಡ್ತೀನಿ. ಅಲ್ಲಿ ಮುಖ ನೋಡಿ ನಗೋರು ಯಾರೂ ಇಲ್ಲ."

"ಹೋಗ್ಲಾ ಮಗ" ಅಂದಳು ತಾಯಿ. "ಅಲ್ಲಾದ್ರೂ ನಿನ್ನ ಮಾತಾಡಿಸೋರು ಸಿಕ್ತಾರೇನೋ."

ಚಿಕ್ಕೀರ ಹೋದ. ಒಂದೊಂದೇ ಅಕ್ಷರ ಒತ್ತೋದು ಕಲಿತ. ಆ ಬಳಗಕ್ಕೆ ಹಿರಿಯರು ಚನ್ನಪಟ್ಟಣದ ರವೂಫ್ ಸಾಹೇಬರು. ಮೇಷ್ಟ್ರಾಗಿ ರಿಟೈರಾದೋರು, ಆದರೆ ಬೈಯೋದರಿಂದ ರಿಟೈರಾಗಿರಲಿಲ್ಲ. ಬಳಗದಲ್ಲಿ ತಿಪಟೂರಿನ ಇಂದ್ರಾಣಿ ಅಂತ ಒಬ್ಬರಿದ್ದರು. ಟೆಲಿಫೋನ್ ಆಫೀಸಿನಲ್ಲಿ ಕೆಲಸ, ಒಂಟಿ ಮನೆ, ಮನೆಗೊಂದು ಒಂಟಿ ಗಂಡು ಪಾರಿವಾಳ. ಅವರೊಂದು ಸಲ ಬರೆದರು: "ನನ್ನ ಪಾರಿವಾಳ ಕಾಳು ಮುಟ್ಟುತ್ತಿಲ್ಲ. ಏನು ಮಾಡಲಿ? ಇಂತಿ, ಇಂದ್ರಾಣಿ."

ಚಿಕ್ಕೀರ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅವನನ್ನ ಯಾರಾದರೂ ಏನಾದರೂ ನಿಜವಾಗಿ ಕೇಳಿ ಎಷ್ಟು ಕಾಲ ಆಗಿತ್ತೋ! ಅವರ ಪ್ರಶ್ನೆಯ ತಲೆ ಮೇಲೆ, ಎಲ್ಲಕ್ಕಿಂತ ಮೇಲೆ, ಬರೆದ: "ನವಣೆ ಹಾಕಿ."

ಸಾಹೇಬರ ಮೇಲ್ ಬಂದೇ ಬಂತು. "ಏನಯ್ಯ ಇದು! ಕೇಳೋಕೆ ಮುಂಚೆ ಉತ್ತರ! ಓದೋರಿಗೆ ಮೊದಲು ನವಣೆ ಸಿಗುತ್ತೆ, ಆಮೇಲೆ ಪಾರಿವಾಳ ಸಿಗುತ್ತೆ! ಉತ್ತರ ಯಾಕಯ್ಯ ಮೇಲೆ ಬರೆದೆ?"

"ಇದು ಮೇಲ್ ಅಲ್ವಾ ಸಾಹೇಬ್ರೆ, ಅದಕ್ಕೇ ಮೇಲೆ ಬರೆದೆ" ಅಂತ ಬರೆದ ಚಿಕ್ಕೀರ. ಇದನ್ನೂ ಮೇಲೇ ಬರೆದ.

"ಅಯ್ಯೋ ನಿನ್ನ! ಪ್ರಶ್ನೆ ಮೇಲಿರಬೇಕು, ಉತ್ತರ ಕೆಳಗಿರಬೇಕು. ಅದೇ ಮರ್ಯಾದೆ. ನೆನಪಿಟ್ಟುಕೋ!"

"ಆಗಲಿ ಸಾಹೇಬ್ರೆ."

ನೆನಪಿಟ್ಟುಕೊಂಡೇ ಮನೆಗೆ ಬಂದ. ತಾಯಿ ಹೊಸಲಿನಲ್ಲಿ ನಿಂತು ಕೇಳಿದಳು, "ಏನ್ಲಾ, ಯಾರಾದ್ರೂ ಮಾತಾಡ್ಸಿದ್ರಾ?"

ಚಿಕ್ಕೀರ ದಡಕ್ಕನೆ ಅವಳ ಕಾಲ ಬುಡದಲ್ಲಿ ಅಂಗಾತ ಮಲಗಿ, "ಮಾತಾಡ್ಸಿದ್ರು ಕಣವ್ವ!" ಅಂದ.

"ಅಯ್ಯೋ ಶಿವನೇ! ಏನಾಯ್ತ್ಲಾ? ಬಿದ್ದ್ಯಾ?"

"ಬೀಳಲಿಲ್ಲ ಕಣವ್ವ. ಪ್ರಶ್ನೆ ಮೇಲೆ, ಉತ್ತರ ಕೆಳಗೆ!"

ಮಾರನೇ ದಿನ ರೇಷನ್ ಅಂಗಡಿಗೆ ಹೋದ. ಅಂಗಡಿಯವನು ಕಟ್ಟೆ ಮೇಲಿಂದ "ಯಾರ ಕಾರ್ಡಯ್ಯ?" ಅಂದ. ಇವನು ಕಟ್ಟೆ ಕೆಳಗೆ ತೂರಿಕೊಂಡು "ಚೆಲುವಮ್ಮಂದು!" ಅಂತ ಕೂಗಿದ. ಅಂಗಡಿಯವನಿಗೆ ದನಿ ಕೇಳಿಸ್ತು, ಮನುಷ್ಯ ಕಾಣಲಿಲ್ಲ. "ಯಾರಯ್ಯ ಅದು?" "ಚಿಕ್ಕೀರ!" "ಎಲ್ಲಿದ್ದೀಯ?" "ಕೆಳಗೆ!" ಸಾಲಿನಲ್ಲಿದ್ದೋರು ಅವನ ಕಾಲು ಹಿಡಿದು ಹೊರಗೆ ಎಳೆದರು. ಚೀಲ ಖಾಲಿ, ಮೈಯೆಲ್ಲ ಸೀಮೆಎಣ್ಣೆ.

ತಾಯಿ ತಲೆ ತಲೆ ಚಚ್ಚಿಕೊಂಡಳು. "ಮೈ ಕೆಳಗಿರಬೇಕು ಅಂತ ಅಲ್ಲ ಕಣ್ಲಾ ಮುಠ್ಠಾಳ! ಅವರು ಹೇಳಿದ್ದನ್ನ ನೀನು ಕಿವಿಗೆ ಹಾಕ್ಕೊಂಡಿದ್ದೀಯ ಅಂತ ಅವರಿಗೆ ಗೊತ್ತಾಗಬೇಕು. ಅವರ ಮಾತು ಮೊದಲು ಪೂರ್ತಿ ಹೇಳು, ಆಮೇಲೆ ನಿನ್ನ ಮಾತು ಹೇಳು!"

"ಆಗಲಿ ಕಣವ್ವ."

ಆಗ ಬಳಗದಲ್ಲಿ ಪಾರಿವಾಳದ ಗೂಡು ಯಾವ ದಿಕ್ಕಿಗಿರಬೇಕು ಅಂತ ಒಂದು ದೊಡ್ಡ ಚರ್ಚೆ ನಡೀತಿತ್ತು. ಒಬ್ಬರು ಮೂಡಣಕ್ಕೆ ಅಂದರು, ಇನ್ನೊಬ್ಬರು ತೆಂಕಣಕ್ಕೆ ಅಂದರು. ಒಬ್ಬರ ಬಾಲಕ್ಕೆ ಇನ್ನೊಬ್ಬರು ಬರೆದು ಬರೆದು ಮೇಲ್ ಅನ್ನೋದು ಮಾರುದ್ದ ಬೆಳೆದಿತ್ತು. ಕೊನೆಗೆ ಸಾಹೇಬರು "ಮೂಡಣಕ್ಕೇ ಇರಲಿ. ಎಲ್ಲರಿಗೂ ಒಪ್ಪಿಗೆಯಾ?" ಅಂತ ಕೇಳಿದ್ದರು.

ಚಿಕ್ಕೀರ ಎಲ್ಲರ ಮಾತನ್ನೂ, ಅವರ ನಮಸ್ಕಾರವನ್ನೂ, ಅವರ ಇಂತಿಯನ್ನೂ, ಅವರ ಫೋನ್ ನಂಬರನ್ನೂ ಒಂದಕ್ಷರ ಬಿಡದೆ ಹಾಗೇ ಇಟ್ಟ. ಎಲ್ಲದರ ಕಟ್ಟಕಡೆಗೆ, ಕೆಳಗೆ, ತನ್ನ ಉತ್ತರ ಬರೆದ: "ಹೂಂ."

ಸಾಹೇಬರು ಕನ್ನಡಕ ಹಾಕ್ಕೊಂಡು ಓದಿದರು. ಓದಿದರು, ಓದಿದರು, ಓದಿದರು. ಕಾಫಿ ಆರಿತು. ಕೊನೆಗೆ ಸಿಕ್ಕಿದ್ದು ಹೂಂ!

"ಒಂದು ಹೂಂ ಹುಡುಕೋಕೆ ನನ್ನನ್ನ ಕಾಶೀಯಾತ್ರೆ ಮಾಡಿಸಿದೆಯಲ್ಲಯ್ಯ! ಬೇಡದ್ದನ್ನೆಲ್ಲ ಕತ್ತರಿಸು! ಬೇಕಾದ ಮಾತು ಮಾತ್ರ ಉಳಿಸು! ತಿಳೀತಾ?"

"ತಿಳೀತು ಸಾಹೇಬ್ರೆ."

ತಿಳಿದುಕೊಂಡು ಮನೆಗೆ ಬಂದ. ಚೆಲುವಮ್ಮ ಜ್ವರ ಬಂದು ಮಲಗಿದ್ದಳು. ಬೀದಿ ತುದಿಯ ಪುಟ್ಟತಾಯಮ್ಮನ ಮೊಮ್ಮಗಳಿಗೆ ಅವತ್ತು ಆರತಿ, ಹೋಳಿಗೆ ತಟ್ಟೋಕೆ ಚೆಲುವಮ್ಮ ಹೋಗಬೇಕಿತ್ತು.

"ಲೋ ಮಗ, ಪುಟ್ಟತಾಯಕ್ಕನ ಮನೆಗೆ ಹೋಗಿ ಹೇಳು. 'ನಮ್ಮವ್ವನಿಗೆ ಬೆಳಿಗ್ಗೆಯಿಂದ ಮೈ ಬೆಚ್ಚಗಾಗಿದೆ, ಹೋಳಿಗೆ ತಟ್ಟೋಕೆ ಬರೋಕೆ ಆಗೋದಿಲ್ಲ, ಬೇಜಾರು ಮಾಡ್ಕೋಬೇಡಿ, ಬೇರೆ ಯಾರನ್ನಾದ್ರೂ ಕರ್ಕೊಳ್ಳಿ' ಅಂತ ಹೇಳು."

ಚಿಕ್ಕೀರ ದಾರೀಲಿ ನಡೀತಾ ನಡೀತಾ ಕತ್ತರಿಸಿದ. ಬೆಳಿಗ್ಗೆಯಿಂದ, ಬೇಡ. ಹೋಳಿಗೆ, ಬೇಡ. ಬೇರೆ ಯಾರನ್ನಾದ್ರೂ, ಬೇಡ. ಪುಟ್ಟತಾಯಮ್ಮನ ಮನೆ ಮುಟ್ಟೋ ಹೊತ್ತಿಗೆ ಬೇಕಾದ್ದು ಮಾತ್ರ ಉಳಿದಿತ್ತು.

"ನಮ್ಮವ್ವ ಇಲ್ಲ" ಅಂದ. "ಬೇಜಾರು ಮಾಡ್ಕೋಬೇಡಿ."

"ಅಯ್ಯೋ ಚೆಲುವಕ್ಕಾ!" ಅಂತ ಪುಟ್ಟತಾಯಮ್ಮ ಎದೆ ಬಡಿದುಕೊಂಡಳು. ಅವಳ ಕೂಗಿಗೆ ಪಕ್ಕದ ಮನೆಯೋರು ಬಂದರು. ಅವರ ಕೂಗಿಗೆ ಬೀದಿಯೇ ಬಂತು. ಒಬ್ಬ ಹೂವಿನ ಹಾರಕ್ಕೆ ಓಡಿದ, ಒಬ್ಬ ಬಿದಿರಿಗೆ ಓಡಿದ, ಒಬ್ಬ ತಮಟೆಯೋನನ್ನ ಕರೆಯೋಕೆ ಓಡಿದ. "ಎಂಥಾ ಹೆಂಗಸು! ಎಂಥಾ ಕೈಗುಣ! ಅವಳಂಗೆ ಹೋಳಿಗೆ ತಟ್ಟೋರು ಯಾರಿದ್ದಾರೆ!" ಅಂತ ಅಳ್ತಾ ಎಲ್ಲರೂ ಮನೆ ಮುಂದೆ ಬಂದು ನಿಂತರು.

ಗಲಾಟೆಗೆ ಎಚ್ಚರಾಗಿ ಚೆಲುವಮ್ಮ ಕಂಬಳಿ ಹೊದ್ದುಕೊಂಡೇ ಬಾಗಿಲು ತೆಗೆದಳು. "ಯಾರು ಸತ್ತರ್ರೇ?"

ಹಾರ ಹಿಡಿದೋನು ಹಾರ ಬಿಟ್ಟು ಓಡಿದ. ಪುಟ್ಟತಾಯಮ್ಮ ಅಲ್ಲೇ ಕುಸಿದು ಕೂತಳು. ವಿಷಯ ತಿಳಿದ ಮೇಲೆ ಜನ ಚಿಕ್ಕೀರನಿಗೆ ಹಿಡಿಶಾಪ ಹಾಕಿ, ತಮಟೆಯೋನನ್ನ ವಾಪಸ್ಸು ಕಳಿಸಿ, ಹೊರಟು ಹೋದರು.

ಚೆಲುವಮ್ಮ ಹೊಸಲ ಮೇಲೆ ಕೂತಳು. ಬೈಯೋಣ ಅಂತ ಬಾಯಿ ತೆಗೆದಳು, ಬೈಗುಳ ಬರಲಿಲ್ಲ. ಅವಳು ಬಾಗಿಲು ತೆಗೆದಾಗ ಕಂಡದ್ದು ಏನು ಗೊತ್ತಾ? ಇಡೀ ಬೀದಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳ್ತಿತ್ತು. ತಾಯಿ ಸತ್ತೋನು ಅಂತ ಅವರು ಅಂದುಕೊಂಡಿದ್ದ ಚಿಕ್ಕೀರ ಮಾತ್ರ ಅತ್ತ ಗೋಡೆ ಪಕ್ಕ ಒಬ್ಬನೇ ನಿಂತಿದ್ದ. ಅವನ ಹೆಗಲ ಮೇಲೆ ಒಂದು ಕೈ ಇರಲಿಲ್ಲ.

"ಇಲ್ಲಿ ಬಾರ್ಲಾ" ಅಂದಳು. ಬಂದ. "ಹಂಗೆಲ್ಲ ಕತ್ತರಿಸಬಾರದು ಮಗ. ಹೊಟ್ಟು ತೂರಬೇಕು, ಕಾಳು ತೂರಬಾರದು. ಮನುಷ್ಯರು ಹತ್ತು ಮಾತು ಆಡ್ತಾರೆ. ಅದರಲ್ಲಿ ಒಂದು ಹೊಟ್ಟೆಯೊಳಗಿಂದ ಬಂದಿರ್ತದೆ. ಅದನ್ನ ಹಿಡ್ಕೋ, ಅದಕ್ಕೆ ಉತ್ತರ ಕೊಡು."

"ಆಗಲಿ ಕಣವ್ವ. ನೀನು ಸತ್ತಿಲ್ಲ ಅಲ್ವಾ?"

"ಇಲ್ಲ ಕಣ್ಲಾ. ಹೋಗು, ಪಾರಿವಾಳಕ್ಕೆ ನೀರಿಡು."

ಆಮೇಲೆ ಇಂದ್ರಾಣಿಯವರ ಮೇಲ್ ಬಂತು, ಬಳಗದ ಎಲ್ಲರಿಗೂ. ನವಣೆ ಹಾಕಿದೆ, ಸ್ವಲ್ಪ ತಿಂದಿತು, ಆದರೆ ಕತ್ತು ಉಬ್ಬಿಸುವುದಿಲ್ಲ, ರೆಕ್ಕೆ ಬಡಿಯುವುದಿಲ್ಲ, ಔಷಧಿ ಏನಾದರೂ ಉಂಟೇ, ಗೂಡು ಬದಲಾಯಿಸಲೇ ಅಂತ ಉದ್ದಕ್ಕೆ ಬರೆದಿದ್ದರು. ಆ ಉದ್ದದ ನಡುವೆ ಎಲ್ಲೋ ಒಂದು ಸಾಲು: "ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದಕ್ಕೆ ಅದೂ ನನ್ನ ಹಾಗೆ ಮೂಕವಾಗಿದೆಯೋ ಏನೋ."

ಉಳಿದೋರು ಔಷಧಿ ಬರೆದರು, ಗೂಡು ಬರೆದರು. ಚಿಕ್ಕೀರ ಎಲ್ಲ ಕತ್ತರಿಸಿದ. ಔಷಧಿ ಕತ್ತರಿಸಿದ, ಗೂಡು ಕತ್ತರಿಸಿದ. ಆ ಒಂದು ಸಾಲು ಉಳಿಸಿದ. ಅದರ ಕೆಳಗೆ, ಸರಿಯಾಗಿ ಕೆಳಗೆ, ಬರೆದ: "ನಮ್ಮನೇಲೂ ಅವ್ವನ್ನ ಬಿಟ್ಟರೆ ಯಾರೂ ಇಲ್ಲ. ನಿಮ್ಮ ಮನೇಲಿ ನೀವು ಯಾರ ಹತ್ರ ಮಾತಾಡ್ತೀರಿ? ನಾನು ಪಾರಿವಾಳದ ಹತ್ರ ಮಾತಾಡ್ತೀನಿ."

ಬಳಗಕ್ಕೆಲ್ಲ ಹೋಯಿತು. ಸಾಹೇಬರು ಈ ಸಲ ಅವನೊಬ್ಬನಿಗೇ ಬರೆದರು, ಮೆಲ್ಲಗೆ ಬರೆದರು. "ಉತ್ತರ ಇಟ್ಟ ಜಾಗ ಸರಿ. ಕತ್ತರಿಸಿದ್ದೂ ಸರಿ. ಆದರೆ ಹೆಣ್ಣುಮಗಳ ಸಂಕಟವನ್ನ ಸಂತೆಯಲ್ಲಿ ಎತ್ತಿ ಹಿಡೀತಾರೇನಪ್ಪ? ಅಂಥಾ ಮಾತಿಗೆ ಅವರೊಬ್ಬರಿಗೇ ಉತ್ತರ ಬರೀಬೇಕು. ಬಳಗಕ್ಕಲ್ಲ."

"ಆಗಲಿ ಸಾಹೇಬ್ರೆ" ಅಂದ ಚಿಕ್ಕೀರ. ಅವನ ಮುಖ ಬಾಡಿತು. ಜಯಶೀಲಾಳಿಂದ ಗುಂಡಿ ಯಾವುದು ಅಂತ ಕೇಳಿಕೊಂಡು, ಇಂದ್ರಾಣಿಯವರೊಬ್ಬರಿಗೇ ಬರೆದ. "ಸಂತೆಯಲ್ಲಿ ಎತ್ತಿ ಹಿಡಿದೆ. ತಪ್ಪಾಯಿತು."

ಉತ್ತರ ಬರಲ್ಲ ಅಂದುಕೊಂಡಿದ್ದ. ಬಂತು! "ನನಗೆ ಬೇಜಾರಾಗಲಿಲ್ಲ. ಆ ಸಾಲನ್ನು ಓದಿದವರು ನೀವೊಬ್ಬರೇ. ಇಂತಿ, ಇಂದ್ರಾಣಿ."

ಅಲ್ಲಿಂದ ಶುರುವಾಯ್ತು ನೋಡಿ. ಅವರು ಬರೆಯೋರು, ಇವನು ಬರೆಯೋನು. ಇವನು ಬರೆಯೋನು, ಅವರು ಬರೆಯೋರು. ಅವರಿಗೆ ಇವನು ಪೆದ್ದ ಅಂತ ಯಾರು ಹೇಳಬೇಕು? ಇವನ ಮಾತು ಚಿಕ್ಕದು, ಸುತ್ತಿಬಳಸಿದ್ದಲ್ಲ, ಅದೇ ಅವರಿಗೆ ಹಿಡಿಸಿತು. ಕೇಳಬೇಕು ಅನ್ನಿಸಿದ್ದನ್ನೆಲ್ಲ ಅವರು ಕೇಳೋರು. "ನಿಮ್ಮ ತಾಯಿ ಹೇಗಿದ್ದಾರೆ? ನಿಮ್ಮೂರಲ್ಲಿ ಚಳಿ ಇದೆಯೇ? ಕಪ್ಪು ಹೆಣ್ಣು ಪಾರಿವಾಳ ಮೊಟ್ಟೆ ಇಟ್ಟಿತೇ? ನಿಮಗೆ ಸಂಜೆ ಹೊತ್ತು ಬೇಸರ ಆಗುವುದಿಲ್ಲವೇ?"

ಚಿಕ್ಕೀರ ಎಲ್ಲದರ ಕೊನೆಗೆ, ಒಟ್ಟಿಗೆ ಬರೆಯೋನು: "ಚೆನ್ನಾಗಿದ್ದಾಳೆ. ಇಟ್ಟಿಲ್ಲ. ಆಗುತ್ತೆ. ಇದೆ."

ಅವರಿಗೆ ತಲೆಬುಡ ತಿಳೀಲಿಲ್ಲ. ನಗು ಬಂದಿರಬೇಕು. ಬರೆದರು: "ಒಂದು ಕೆಲಸ ಮಾಡಿ. ನನ್ನ ಒಂದೊಂದು ಮಾತಿನ ಕೆಳಗೇ ಅದರದರ ಉತ್ತರ ಬರೆಯಿರಿ. ನಡುವೆ ನಡುವೆ ಬನ್ನಿ. ಆಗ ಎದುರಿಗೆ ಕೂತು ಮಾತಾಡಿದ ಹಾಗೆ ಇರುತ್ತದೆ."

ಹಾಗೇ ಮಾಡಿದ. ಅವರದ್ದೊಂದು ಸಾಲು, ಇವನದ್ದೊಂದು ಸಾಲು. ಬೇಸರ ಆಗುವುದಿಲ್ಲವೇ ಅನ್ನೋದರ ಕೆಳಗೆ "ಆಗುತ್ತೆ, ಈಗ ಕಡಿಮೆ" ಅಂತ ಬರೆದ. ಜಯಶೀಲಾ ಅಂಗಡಿ ಬಾಗಿಲು ಹಾಕೋ ತನಕ ಅದನ್ನೇ ಮತ್ತೆ ಮತ್ತೆ ಓದಿಕೊಂಡು ಕೂತಿರೋನು. ನಿಜವಾಗಲೂ ಎದುರಿಗೆ ಕೂತು ಮಾತಾಡಿದ ಹಾಗೇ ಇತ್ತು.

ಅಷ್ಟಕ್ಕೆ ಬಿಟ್ಟಿದ್ದರೆ ಅವನು ಚಿಕ್ಕೀರ ಹೇಗಾಗ್ತಾನೆ? ಶಾಲೆ ಬಯಲಿನಲ್ಲಿ ಪಂಚಾಯ್ತಿ ಅಧ್ಯಕ್ಷರ ಭಾಷಣ ಇತ್ತು. ಚೆಲುವಮ್ಮ ಮಗನ್ನೂ ಕರ್ಕೊಂಡು ಹೋದಳು. ಅಧ್ಯಕ್ಷರು ಮೈಕು ಹಿಡಿದು "ಪ್ರೀತಿಯ ಬಂಧುಗಳೇ!" ಅಂದರು.

"ಏನ್ರೀ?" ಅಂದ ಚಿಕ್ಕೀರ.

ಅಧ್ಯಕ್ಷರು ಒಂದು ಸಲ ನೋಡಿ ಮುಂದುವರಿಸಿದರು. "ನಾನು ನಿಮ್ಮ ಸೇವಕ."

"ಹಂಗಾದ್ರೆ ನಮ್ಮ ಬೀದಿ ಚರಂಡಿ ತೆಗೀರಿ!"

"ನಮ್ಮ ಊರು ಹಿಂದೆ ಹೇಗಿತ್ತು?"

"ಹಿಂಗೇ ಇತ್ತು!"

"ಮುಂದೆ ಹೇಗಿರುತ್ತೆ?"

"ಹಿಂಗೇ ಇರುತ್ತೆ!"

ಜನ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರ ಕಡೆಯೋರು ಬಂದು ಅವನ ರಟ್ಟೆ ಹಿಡಿದು ಗೇಟಿನ ಆಚೆಗೆ ನೂಕಿದರು. ಚೆಲುವಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಮನೆ ಸೇರಿದಳು. "ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕ್ತಾರೇನ್ಲಾ ಮೂದೇವಿ? ಅವರ ಮಾತು ಪೂರ್ತಿ ಮುಗೀಬೇಕು! ಮುಗಿಯೋ ತನಕ ತುಟಿ ಪಿಟಕ್ ಅನ್ನಬೇಡ!"

"ಮುಗೀತು ಅಂತ ಹೆಂಗವ್ವ ಗೊತ್ತಾಗೋದು?"

"ಗೊತ್ತಾಗ್ತದೆ ಬುಡು!"

ಚಿಕ್ಕೀರ ಯೋಚನೆ ಮಾಡಿದ. ಮೇಲ್ ಮುಗಿಯೋದು ಯಾವಾಗ? "ಇಂತಿ" ಅಂತ ಬಂದಾಗ. ಹಂಗಾದ್ರೆ ಮಾತು ಮುಗಿಯೋದೂ ಇಂತಿ ಅಂತ ಬಂದಾಗಲೇ. ಸರಿ, ಗೊತ್ತಾಯ್ತು.

ಆ ವಾರವೇ ಇಂದ್ರಾಣಿಯವರು ಬರೆದರು, "ಭಾನುವಾರ ನಿಮ್ಮೂರಿಗೆ ಬರುತ್ತೇನೆ. ನನ್ನ ಪಾರಿವಾಳಕ್ಕೆ ಒಂದು ಜೊತೆ ಕೊಡುತ್ತೀರಾ?" ಚಿಕ್ಕೀರ ಕುಣಿದ. ಚೆಲುವಮ್ಮ ದೇವರಿಗೆ ದೀಪ ಹಚ್ಚಿದಳು. ಅವನಿಗೆ ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿ, ತಾನು ಅಡಿಗೆಗೆ ನಿಂತಳು. "ಬಸ್ಸಿಳಿದ ಮೇಲೆ ಮನೆಗೆ ಕರ್ಕೊಂಡು ಬಾ. ಅವರು ಮಾತಾಡುವಾಗ ನಾನು ಹೇಳಿದ್ದು ನೆನಪಿರಲಿ!"

"ನೆನಪಿದೆ ಕಣವ್ವ."

ಕಪ್ಪು ಹೆಣ್ಣು ಪಾರಿವಾಳವನ್ನ ಕುಕ್ಕೆಯಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ. ಬಸ್ ಬಂತು. ಹಸಿರು ಸೀರೆಯ ಹೆಂಗಸೊಬ್ಬರು ಇಳಿದರು. ಕಿವಿಯ ಹತ್ರ ಒಂದೆರಡು ನರೆಗೂದಲು. ಕುಕ್ಕೆ ನೋಡಿ ಅವರ ಮುಖ ಅರಳಿತು.

"ನೀವೇ ಚಿಕ್ಕೀರಪ್ಪನವರಾ? ನಾನು ಇಂದ್ರಾಣಿ."

ಚಿಕ್ಕೀರ ಬಾಯಿ ಬಿಗಿ ಹಿಡಿದುಕೊಂಡು ನೋಡಿದ.

"ದಾರಿ ದೂರ ಆಯ್ತು" ಅಂದರು. ಪಕ್ಕದಲ್ಲಿ ಕೂತರು. "ನಿಮ್ಮ ತಾಯಿ ಆರಾಮಾ?"

ಇವನು ನೋಡಿದ. ಸಂಕೋಚದ ಮನುಷ್ಯ ಅಂದುಕೊಂಡರೇನೋ, ತಾವೇ ಮಾತಾಡಿದರು. ಆಫೀಸಿನಲ್ಲಿ ದಿನವಿಡೀ ಇನ್ನೊಬ್ಬರ ಮಾತನ್ನ ಇನ್ನೊಬ್ಬರಿಗೆ ಜೋಡಿಸಿ ಕೊಡ್ತಿದ್ದದ್ದು, ಸಂಜೆ ಮನೆಗೆ ಬಂದರೆ ಬೀಗ ತೆಗೆದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದ್ದು, ಮದುವೆ ಮಾತು ಬಂದು ಬಂದು ಹಿಂದಕ್ಕೆ ಹೋದದ್ದು. ಮೇಲ್ ಬಂತಾ ಅಂತ ಈಗ ದಿನಾ ನೋಡೋದು. ಅದನ್ನ ಹೇಳುವಾಗ ಸ್ವಲ್ಪ ನಾಚಿದರು.

ಚಿಕ್ಕೀರನಿಗೆ ಹೇಳೋಕೆ ಎಷ್ಟಿತ್ತು! ನಾಲಿಗೆ ತುದಿಯಲ್ಲಿ ಮಾತು ಸಾಲುಗಟ್ಟಿ ನಿಂತಿತ್ತು. ಜನ್ಮದಲ್ಲೇ ಯಾರೂ ಅವನ ಪಕ್ಕ ಕೂತು ಇಷ್ಟು ಹೊತ್ತು ಮಾತಾಡಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಆದರೂ ತುಟಿ ಬಿಚ್ಚಲಿಲ್ಲ. ಇಂತಿ ಬಂದಿಲ್ಲವಲ್ಲ!

"ನಾನೇ ಮಾತಾಡ್ತಾ ಇದ್ದೀನಿ" ಅಂದರು ಇಂದ್ರಾಣಿ. "ನೀವೂ ಏನಾದ್ರೂ ಹೇಳಿ."

ಇಂತಿ ಬರಲಿಲ್ಲ.

"ನಾನು ಬಂದದ್ದು ಇಷ್ಟ ಆಗಲಿಲ್ವಾ?"

ಇಂತಿ ಬರಲಿಲ್ಲ.

ತಿಪಟೂರಿನ ಬಸ್ಸು ಬಂತು. ಅವರು ಎದ್ದು ನಿಂತರು. ಕುಕ್ಕೆಯ ಕಡೆ ನೋಡಿದರು, ಅದನ್ನ ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು, "ಸರಿ. ನಾನಿನ್ನು ಬರ್ತೀನಿ" ಅಂದರು. ಹತ್ತಿದರು. ಬಸ್ಸು ಹೋಯಿತು.

ಚಿಕ್ಕೀರ ಅಲ್ಲೇ ಕೂತ. ಬರ್ತೀನಿ ಅಂದಿದ್ದಾರಲ್ಲ! ಬಂದ ಮೇಲೆ ಇಂತಿ ಹೇಳ್ತಾರೆ, ಆಮೇಲೆ ನಾನು ಹೇಳ್ತೀನಿ ಅಂತ ಕಾದ. ಬಿಸಿಲು ಇಳೀತು. ಕಾದು ಕಾದು ಸಾಕಾಗಿ ಚೆಲುವಮ್ಮನೇ ನಿಲ್ದಾಣಕ್ಕೆ ಬಂದಳು.

"ಎಲ್ಲಿದ್ದಾರ್ಲಾ ಅವರು? ಅಡಿಗೆಯೆಲ್ಲ ಆರಿ ಹೋಯ್ತು!"

"ಬರ್ತೀನಿ ಅಂದ್ರು ಕಣವ್ವ."

"ಬರ್ತೀನಿ ಅಂದ್ರಾ? ಎಲ್ಲಿಂದ ಬರ್ತಾರೆ?"

"ಬರ್ತೀನಿ ಅಂತ ಹೇಳಿ ಬಸ್ ಹತ್ತಿದ್ರು."

ಚೆಲುವಮ್ಮ ಬೆಂಚಿನ ಮೇಲೆ ಕುಸಿದಳು. "ಅಯ್ಯೋ ನನ್ನ ಕರ್ಮವೇ! ಹೋಗೋರು ಯಾರಾದ್ರೂ ಹೋಗ್ತೀನಿ ಅಂತಾರೇನ್ಲಾ? ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಕಣ್ಲಾ! ಅವರು ಬರ್ತೀನಿ ಅಂದಾಗ ನೀನು 'ಬೇಡ' ಅನ್ನಬೇಕಾಗಿತ್ತು! 'ಬೇಡ ಬೇಡ' ಅಂತ ಕೈ ಹಿಡಿದು ಕೂರಿಸಬೇಕಾಗಿತ್ತು!"

"ಈಗೇನವ್ವ ಮಾಡ್ಲಿ?"

"ಇನ್ನೊಂದ್ಸಲ ಅವರು ಬರ್ತೀನಿ ಅಂದ್ರೆ ಬಾಯಿಬಿಟ್ಟು ಬೇಡ ಅನ್ನು! ತಿಳೀತಾ?"

"ತಿಳೀತು ಕಣವ್ವ."

ಮರುದಿನ ಜಯಶೀಲಾಳ ಅಂಗಡಿ ಬಾಗಿಲು ತೆಗೆಯೋ ಮುಂಚೆಯೇ ಹೋಗಿ ನಿಂತಿದ್ದ. ಇಂದ್ರಾಣಿಯವರ ಮೇಲ್ ಬಂದಿತ್ತು. "ಬಸ್ಸಿನಲ್ಲಿ ಪೂರ್ತಿ ಯೋಚನೆ ಮಾಡಿದೆ. ನಿಮ್ಮ ಕಣ್ಣಲ್ಲಿ ನೀರು ಕಂಡೆ ಅನ್ನಿಸಿತು. ನನ್ನ ಭ್ರಮೆಯೂ ಇರಬಹುದು. ಕೆಲವರಿಗೆ ಎದುರಿಗೆ ಮಾತು ಬರುವುದಿಲ್ಲ, ನೀವೂ ಹಾಗೇ ಏನೋ. ನನಗೂ ವಯಸ್ಸಾಯಿತು, ಸುಮ್ಮನೆ ಆಸೆ ಇಟ್ಟುಕೊಳ್ಳಲಾರೆ. ಅದಕ್ಕೇ ಕೇಳುತ್ತಿದ್ದೇನೆ. ನಾನು ಬರಲೇ? ಇಂತಿ, ಇಂದ್ರಾಣಿ."

ಇಂತಿ ಬಂದಿತ್ತು! ಮಾತು ಮುಗಿದಿತ್ತು! ಚಿಕ್ಕೀರ ಕೈ ಉಜ್ಜಿಕೊಂಡು ಕೂತ. ಒಂದೂ ತಪ್ಪಬಾರದು ಈ ಸಲ. ಹೊಟ್ಟೆಲ್ಲ ತೂರಿದ. ಬಸ್ಸು ಕತ್ತರಿಸಿದ, ಕಣ್ಣೀರು ಕತ್ತರಿಸಿದ, ವಯಸ್ಸು ಕತ್ತರಿಸಿದ. ಹೊಟ್ಟೆಯೊಳಗಿಂದ ಬಂದ ಸಾಲು ಯಾವುದು ಅಂತ ಹುಡುಕಿದ, ಸಿಕ್ಕಿತು. ಅದೊಂದನ್ನೇ ಉಳಿಸಿದ: "ನಾನು ಬರಲೇ?"

ಬರಲೇ ಅಂದ್ರೆ? ಹೋಗಲೇ ಅಂತ! ಅವ್ವ ಹೇಳಿದ್ದಳಲ್ಲ! ಚಿಕ್ಕೀರನಿಗೆ ಜೀವ ಹೋದಂಗಾಯ್ತು. ಅವರು ಬಿಟ್ಟುಹೋಗಲೇ ಅಂತ ಕೇಳ್ತಿದ್ದಾರೆ! ಮೇಲೆ ಬರೀಲಿಲ್ಲ, ಸರಿಯಾಗಿ ಅದರ ಕೆಳಗೆ ಬರೆದ: "ಬೇಡ."

ಓದಿ ನೋಡಿದ. ಇನ್ನೂ ಸಾಲದು ಅನ್ನಿಸಿತು. ಎದೆಯಲ್ಲಿದ್ದದ್ದನ್ನೆಲ್ಲ ಸೇರಿಸಿದ: "ಬೇಡ. ಯಾವತ್ತಿಗೂ ಬೇಡ. ನಮ್ಮವ್ವನೂ ಬೇಡ ಅನ್ನು ಅಂದಿದ್ದಾಳೆ. ಇಂತಿ, ಚಿಕ್ಕೀರ."

ಅವರೊಬ್ಬರಿಗೇ ಕಳಿಸಿದ.

ಹಗುರಾಗಿ ಮನೆಗೆ ಬಂದ. ಚೆಲುವಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನ್ಲಾ, ಬರೆದ್ರಾ? ಏನಂದೆ?"

"ನೀನು ಹೇಳಿಕೊಟ್ಟದ್ದನ್ನೇ ಬರೆದೆ ಕಣವ್ವ. ಒಂದಕ್ಷರ ತಪ್ಪಲಿಲ್ಲ."

"ಸದ್ಯ!" ಅಂದಳು ಚೆಲುವಮ್ಮ. ಮಗನ ತಲೆ ಸವರಿದಳು. "ಒಂದಾದ್ರೂ ನೆಟ್ಟಗೆ ಮಾಡಿದೆಯಲ್ಲ ನನ್ನಪ್ಪ."

ಚಿಕ್ಕೀರ ದಿನಾ ಅಂಗಡಿಗೆ ಹೋದ. ಉತ್ತರ ಬರಲಿಲ್ಲ. ಬೈದು ಬರೀಬಹುದು ಅಂತ ಕಾದ. ಬೈಗುಳವೂ ಬರಲಿಲ್ಲ. ಅವನು ಮುಂಚೆ ಏನೇ ಎಡವಟ್ಟು ಮಾಡಲಿ, ಸಾಹೇಬರು ಹಾರಾಡೋರು, ತಾಯಿ ತಲೆ ಚಚ್ಚಿಕೊಳ್ಳೋಳು, ಹಿಂಗಲ್ಲ ಹಂಗೆ ಮಾಡು ಅಂತ ಹೇಳಿಕೊಡೋರು. ಈ ಸಲ ಉತ್ತರ ಇರಬೇಕಾದ ಜಾಗದಲ್ಲೇ ಇತ್ತು, ಬೇಡದ್ದೆಲ್ಲ ಕತ್ತರಿಸಿ ಆಗಿತ್ತು, ಓದಬೇಕಾದ ಒಬ್ಬರನ್ನ ಬಿಟ್ಟು ಇನ್ಯಾರೂ ಓದಿರಲಿಲ್ಲ. ಹೀಗಾಗಿ, ಕೇಳಿದಿರಾ, ಅವನಿಗೆ ಬೈಯೋದಕ್ಕೂ ಯಾರೂ ಇರಲಿಲ್ಲ.